ಕರುವಿನ ಪ್ರಶ್ನೆ

ಮನೆಯಲ್ಲಿ ಸಾವಾದರೆ ಮಕ್ಕಳಿಗೆ ನಾವು ಹೇಳುವುದು, 'ಅಪ್ಪ ಊರಿಗೆ ಹೋಗಿದ್ದಾರೆ'. ಬೆಂಗಳೂರಿನ ಬೊಮ್ಮನಹಳ್ಳಿಯಂಥ ಕಡೆ ಈ ಸುಳ್ಳು ಸಲೀಸು. ಗಾರ್ಮೆಂಟ್ಸ್ ಕೆಲಸಕ್ಕೆಂದು ಬಂದ ಎಷ್ಟೋ ಮನೆಗಳಿಗೆ ನಿಜವಾಗಿಯೂ ದೂರದಲ್ಲೊಂದು ಊರಿದೆ. ಆದರೆ ಊರಿಗೆ ಹೋದವರು ವಾಪಸ್ ಬರಬೇಕಲ್ಲ? ಮಗು ಕಾಯುತ್ತದೆ. ಗೋವಿನ ಹಾಡಿನ ಹಸು ಪುಣ್ಯಕೋಟಿ ಹೀಗೆ ಮಾಡಲಿಲ್ಲ. ಕೊಟ್ಟ ಮಾತಿನಂತೆ ಹುಲಿಗೆ ಆಹಾರವಾಗಲು ಹೊರಟದ್ದನ್ನು ಕರುವಿಗೆ ನೇರವಾಗಿ ಹೇಳಿತು, ಅದರ ಪ್ರಶ್ನೆಗಳನ್ನು ಕೇಳಿಸಿಕೊಂಡಿತು, ಜೊತೆಯ ಹಸುಗಳಿಗೆ ಅದನ್ನು ಒಪ್ಪಿಸಿತು. ನಾವು ತಾಯಿಯ ಸತ್ಯವನ್ನಷ್ಟೇ ಹೊಗಳಿ ಕರುವನ್ನು ಮರೆತೆವು.

ಆ ಹಾಡು ಈಗ ಯೂಟ್ಯೂಬಿನಲ್ಲಿ ಕಾರ್ಟೂನಾಗಿ ಸಿಗುತ್ತದೆ. ಮಗುವಿನ ಜೊತೆ ಕೂತು ನೋಡಿ, ನಡುವೆ ನಿಲ್ಲಿಸಿ, 'ಕರುವಿಗೆ ಏನನ್ನಿಸಿರಬಹುದು?' ಎಂದು ಕೇಳಿ. ತನ್ನ ದುಃಖ ಹೇಳಲಾರದ ಮಗು ಕರುವಿನದನ್ನು ಹೇಳೀತು. ಮೊಬೈಲ್ ಮಕ್ಕಳನ್ನು ಕೆಡಿಸುತ್ತದೆಂಬ ಆಕ್ಷೇಪ ಸುಳ್ಳಲ್ಲ. ಬಾಯಿ ಮುಚ್ಚಿಸಲು ಕೈಗೆ ಕೊಟ್ಟರೆ ಖಂಡಿತ ಕೆಡಿಸುತ್ತದೆ. ಆದರೆ ಅದೇ ಮೊಬೈಲಿನಲ್ಲಿ ಅಪ್ಪನ ಏಳು ಸೆಕೆಂಡಿನ ವಾಯ್ಸ್ ಮೆಸೇಜೂ ಇರಬಹುದು: 'ಬರ್ತಾ ಬಾಳೆಹಣ್ಣು ತರ್ಲಾ?' ಹೈಸ್ಕೂಲಿನ ಹುಡುಗಿಯೊಬ್ಬಳು ಅದಕ್ಕೆ ಚಿತ್ರ ಜೋಡಿಸಿ ವಿಡಿಯೊ ಮಾಡಿದರೆ ತಡೆಯಬೇಕೆ? ನೆನಪಿಸಿದರೆ ಅಳು ಹೆಚ್ಚುತ್ತದೆ ಎನ್ನುವವರಿದ್ದಾರೆ. ಆದರೆ ಸತ್ತವರೊಂದಿಗಿನ ನಂಟನ್ನು ಕಡಿದುಕೊಳ್ಳಬೇಕಿಲ್ಲ, ಅದು ರೂಪ ಬದಲಿಸಿ ಉಳಿಯುತ್ತದೆ ಎಂದು ಸಂಶೋಧಕರಾದ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮೊದಲಾದವರು 1996ರಲ್ಲೇ ವಾದಿಸಿದರು. ಪಿತೃಪಕ್ಷಕ್ಕೆ ಎಡೆ ಇಡುವ ನಮಗೆ ಇದೇನು ಹೊಸತೆ? ವಾರಗಟ್ಟಲೆ ಊಟ, ನಿದ್ದೆ ಬಿಟ್ಟ ಮಗುವಿಗೆ ಮಾತ್ರ ವಿಡಿಯೊ ಸಾಲದು. 2022ರ ಅಕ್ಟೋಬರಿನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, 14416ಕ್ಕೆ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದಿರುವ ನಿಮ್ಹಾನ್ಸ್ ಬೊಮ್ಮನಹಳ್ಳಿ ಇರುವ ಇದೇ ಹೊಸೂರು ರಸ್ತೆಯಲ್ಲಿದೆ.