ದೇಶದ ವರಮಾನವೂ ನಮ್ಮ ಸಂಬಳದ ಚೀಟಿಯೂ

(ಹಲಸೂರಿನಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನನಗೆ ಕೊಟ್ಟಿರುವ ವಿಷಯ ದೇಶದ ಆರ್ಥಿಕ ಸ್ಥಿತಿಗತಿ. ಇದನ್ನು ವಿವರಿಸಲು ದೊಡ್ಡ ದೊಡ್ಡ ಪಂಡಿತರಿದ್ದಾರೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದವನಲ್ಲ. ಮಕ್ಕಳಿಗೆ ಸರಾಸರಿ ಲೆಕ್ಕ, ಶೇಕಡಾ ಲೆಕ್ಕ ಹೇಳಿಕೊಟ್ಟವನು. ಆದರೆ ಸರ್ಕಾರದವರು ಹೊರಡಿಸುವ ಅಂಕಿಗಳಲ್ಲಿ ಮುಕ್ಕಾಲು ಪಾಲು ಈ ಎರಡು ಲೆಕ್ಕಗಳೇ. ಆದ್ದರಿಂದ ಧೈರ್ಯ ಮಾಡಿ ನಿಂತಿದ್ದೇನೆ.

ಮೊದಲು ಸರಾಸರಿ. 2025ರ ಮೇ ಕೊನೆಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಂದಾಜಿನಂತೆ 2024-25ರಲ್ಲಿ ದೇಶದ ಒಟ್ಟು ಉತ್ಪನ್ನ ಸುಮಾರು 330 ಲಕ್ಷ ಕೋಟಿ ರೂಪಾಯಿ. ಬೆಲೆಯೇರಿಕೆ ಕಳೆದು ನೋಡಿದರೆ ಒಂದು ವರ್ಷದಲ್ಲಿ ಶೇಕಡಾ 6.5 ಬೆಳೆದಿದೆ. ಜಗತ್ತಿನ ದೊಡ್ಡ ದೇಶಗಳಲ್ಲಿ ಇಷ್ಟು ಬೆಳೆದವು ಕಡಿಮೆ. ಇದು ಸುಳ್ಳೆಂದು ನಾನು ಹೇಳಲಾರೆ. ಅದೇ ಲೆಕ್ಕದಂತೆ ತಲಾ ವರಮಾನ ವರ್ಷಕ್ಕೆ 2 ಲಕ್ಷ 5 ಸಾವಿರ ರೂಪಾಯಿ. ಅಂದರೆ ತಲೆಗೆ ತಿಂಗಳಿಗೆ 17 ಸಾವಿರ. ಮನೆಯಲ್ಲಿ ಐದು ಜನರಿದ್ದರೆ 85 ಸಾವಿರ. ಕೈಗೂಸೂ ಒಂದು ತಲೆ, ಹಾಸಿಗೆ ಹಿಡಿದ ಮುದುಕಿಯೂ ಒಂದು ತಲೆ. ಈ ಸಭೆಯಲ್ಲಿ ಯಾರ ಮನೆಗೆ ತಿಂಗಳಿಗೆ 85 ಸಾವಿರ ಬರುತ್ತದೆಯೋ ಅವರು ದಯವಿಟ್ಟು ಕೈಯೆತ್ತಿ. (ನಗು.) ಯಾರೂ ಎತ್ತಲಿಲ್ಲ. ಹಾಗಾದರೆ ನಿಮ್ಮ ಪಾಲಿನ ದುಡ್ಡು ಎಲ್ಲಿದೆ?

ಮರ್ಫಿ ಟೌನಿನಲ್ಲಿ ತಿಂಗಳಿಗೆ 15 ಸಾವಿರ ಸಂಪಾದಿಸುವ ಒಂಬತ್ತು ಸಂಸಾರಗಳಿವೆ ಎನ್ನಿ. ಆ ಕಡೆ ಇಂದಿರಾನಗರದ ನೂರಡಿ ರಸ್ತೆಯಲ್ಲಿ ತಿಂಗಳಿಗೆ 10 ಲಕ್ಷ ಬರುವ ಒಂದು ಮನೆ. ಹತ್ತು ಮನೆಗಳನ್ನೂ ಕೂಡಿಸಿ ಹತ್ತರಿಂದ ಭಾಗಿಸಿದರೆ ಸರಾಸರಿ ಬರುವುದು 1 ಲಕ್ಷ 13 ಸಾವಿರದ 500. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅಷ್ಟು ವರಮಾನದ ಮನೆ ಆ ಹತ್ತರಲ್ಲಿ ಒಂದೂ ಇಲ್ಲ. ಇದರ ಜೊತೆಗೆ ಕಂಪನಿಗಳು ತಮ್ಮಲ್ಲೇ ಉಳಿಸಿಕೊಂಡ ಲಾಭವೂ ತಲಾ ವರಮಾನದ ಲೆಕ್ಕದಲ್ಲಿ ಸೇರುತ್ತದೆ. ಅದು ನಿಮ್ಮ ಹೆಸರಿನಲ್ಲಿ ಬರೆಯಲ್ಪಡುತ್ತದೆ; ನಿಮ್ಮ ಮನೆಗೆ ಬರುವುದಿಲ್ಲ.

ಸರ್ಕಾರವೇ ಮನೆಮನೆಗೆ ಹೋಗಿ ಖರ್ಚಿನ ಲೆಕ್ಕ ಕೇಳುವ ಇನ್ನೊಂದು ಸಮೀಕ್ಷೆಯಿದೆ. 2023-24ರಲ್ಲಿ ಪಟ್ಟಣಗಳಲ್ಲಿ ತಲೆಗೆ ತಿಂಗಳ ಖರ್ಚು 6,996 ರೂಪಾಯಿ, ಹಳ್ಳಿಗಳಲ್ಲಿ 4,122 ರೂಪಾಯಿ. ಇದೂ ಸರಾಸರಿಯೇ, ಆದರೂ ನಮ್ಮ ಬದುಕಿಗೆ ಸ್ವಲ್ಪ ಹತ್ತಿರ.

ಈ ಜಗಳ ಹೊಸದಲ್ಲ. 1963ರಲ್ಲಿ ಡಾಕ್ಟರ್ ಲೋಹಿಯಾ ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಪ್ರಧಾನಿ ನೆಹರೂ ಅವರು ಹದಿನೈದಾಣೆ ಎಂದರು. ಒಬ್ಬರು ದೇಶವನ್ನೆಲ್ಲ ಭಾಗಿಸಿ ಹೇಳಿದರು, ಇನ್ನೊಬ್ಬರು ಕೆಳಗಿನ ಜನರನ್ನು ಬೇರೆ ಮಾಡಿ ಹೇಳಿದರು. ಅಂದು ಯೋಜನಾ ಮಂತ್ರಿಗಳು ಹೇಳಿದ್ದು ಏಳೂವರೆ ಆಣೆ! ಆಣೆ ಹೋಯಿತು, ಪ್ರಶ್ನೆ ಹೋಗಲಿಲ್ಲ. ಸ್ಥಿರ ಬೆಲೆಯಲ್ಲಿ 2024-25ರ ತಲಾ ವರಮಾನ ದೇಶಕ್ಕೆ 1,14,710 ರೂಪಾಯಿಯಾದರೆ ಕರ್ನಾಟಕಕ್ಕೆ 2,04,605. ನಮ್ಮ ರಾಜ್ಯ ಮುಂದೆ ಎಂದು ಪತ್ರಿಕೆಗಳು ಬರೆದವು. ಆದರೆ ರಾಜ್ಯದ ಉತ್ಪನ್ನದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಬರುತ್ತದೆ. ಕಲಬುರ್ಗಿಯ ಕೂಲಿಯವನಿಗೆ ಅದನ್ನು ಹೇಳಿ ನೋಡಿ.

ಈಗ ಬೆಲೆಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಸಂಬಳ ಇದಕ್ಕೆ ಕಟ್ಟಿದೆ.

2024ರ ಅಕ್ಟೋಬರಿನಲ್ಲಿ ಬೆಲೆಯೇರಿಕೆ ಶೇಕಡಾ 6.21 ಇತ್ತು. ತರಕಾರಿ ಒಂದರಲ್ಲೇ ಶೇಕಡಾ 42. ಮರುವರ್ಷ ಅದೇ ಅಕ್ಟೋಬರಿನಲ್ಲಿ ಬೆಲೆಯೇರಿಕೆ ಶೇಕಡಾ 0.25ಕ್ಕೆ ಇಳಿಯಿತು. 2012ನ್ನು ಆಧಾರ ವರ್ಷವಾಗಿಟ್ಟ ಆ ಸೂಚ್ಯಂಕ ಮಾಲೆಯಲ್ಲಿ ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ. ಬೆಲೆ ಇಳಿಯಿತು ಎಂದು ಡಂಗುರ ಹೊಡೆದರು. ಲೆಕ್ಕ ಹಾಕೋಣ. 2023ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ 2024ರಲ್ಲಿ 106 ರೂಪಾಯಿ 21 ಪೈಸೆ. 2025ರಲ್ಲಿ 106 ರೂಪಾಯಿ 48 ಪೈಸೆ. ಇಳಿದದ್ದು ಏರಿಕೆಯ ವೇಗ. ಮೆಟ್ಟಿಲು ಹತ್ತುತ್ತಿದ್ದವನು ನಿಂತ, ಕೆಳಗೆ ಇಳಿಯಲಿಲ್ಲ.

ತರಕಾರಿಯ ಮಾತು ಬೇರೆ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. 100 ಇದ್ದದ್ದು 142 ಆಗಿ, ಆಮೇಲೆ ಶೇಕಡಾ 27ಕ್ಕೂ ಹೆಚ್ಚು ಬಿದ್ದು, ಸುಮಾರು 103ಕ್ಕೆ ಬಂದು ನಿಂತಿತು. ಕೊಳ್ಳುವವರಿಗೆ ಉಸಿರು ಬಂತು. ಬೆಳೆದ ರೈತನಿಗೆ, ರಸೆಲ್ ಮಾರ್ಕೆಟ್ಟಿನ ಸೊಪ್ಪಿನ ವ್ಯಾಪಾರಿಗೆ ಏನಾಯಿತೆಂದು ಅವರನ್ನೇ ಕೇಳಬೇಕು.

ಆದರೆ ಅದೇ 2025ರಲ್ಲಿ ಬೆಂಗಳೂರಿನಲ್ಲಿ ಬೇರೆ ಏನೇನಾಯಿತು? ಜನವರಿ 5ರಿಂದ ಬಿ.ಎಂ.ಟಿ.ಸಿ. ಬಸ್ಸಿಗೆ ಶೇಕಡಾ 15 ಏರಿಕೆ. ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಟಿಕೆಟ್ ಇಲ್ಲವೆಂಬುದು ನಿಜ, ಆ ಮಟ್ಟಿಗೆ ಸಂಸಾರ ಉಳಿಯಿತು. ಫೆಬ್ರವರಿ 9ರಿಂದ ಮೆಟ್ರೋದ ಅತಿ ಹೆಚ್ಚಿನ ದರ 60ರಿಂದ 90 ರೂಪಾಯಿ. ಕೆ.ಆರ್. ಪುರಕ್ಕೆ ಮೆಟ್ರೋ ಬಂತೆಂದು ನಾವು ಸಂತೋಷಪಟ್ಟು ಎರಡು ವರ್ಷವೂ ಆಗಿರಲಿಲ್ಲ. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ. ತರಕಾರಿ ಮಳೆ ಬಂದರೆ ಇಳಿಯುತ್ತದೆ. ಟಿಕೆಟ್ಟು, ಹಾಲು, ಬಾಡಿಗೆ ಯಾವ ಮಳೆಗೆ ಇಳಿದಾವು?

ಇದಕ್ಕೂ ಸಂಬಳಕ್ಕೂ ಏನು ಸಂಬಂಧ? ಕನಿಷ್ಠ ವೇತನದ ಜೊತೆ ತುಟ್ಟಿಭತ್ಯೆ ಉಂಟಷ್ಟೆ. ಕಾರ್ಮಿಕರಿಗಾಗಿಯೇ ಬೇರೆ ಸೂಚ್ಯಂಕವಿದೆ. ಲೇಬರ್ ಬ್ಯೂರೋ ಅದನ್ನು ತಯಾರಿಸುತ್ತದೆ. ನಮ್ಮ ರಾಜ್ಯದಲ್ಲಿ ನಡೆದುಬಂದ ಪದ್ಧತಿಯಂತೆ, ಹಿಂದಿನ ವರ್ಷದ ಸರಾಸರಿ ಸೂಚ್ಯಂಕ ಎಷ್ಟು ಅಂಶ ಏರಿತೋ ಅದಕ್ಕೆ ಒಂದೊಂದು ಅಂಶಕ್ಕೆ ದಿನಕ್ಕೆ 4 ಪೈಸೆಯಂತೆ ಏಪ್ರಿಲ್ 1ರಿಂದ ಭತ್ಯೆ ಏರಬೇಕು. ನಾಲ್ಕು ಪೈಸೆ ಎಂದು ನಗಬೇಡಿ. 400 ಅಂಶ ಏರಿದರೆ ದಿನಕ್ಕೆ 16 ರೂಪಾಯಿ, 26 ದಿನಕ್ಕೆ 416 ರೂಪಾಯಿ.

2020ರಲ್ಲಿ ಬರಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ, ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಕೊರೋನಾ ಕಾಲ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಅರೆ ಸಂಬಳ, ಇಲ್ಲದ ಸಂಬಳದಲ್ಲಿ ಕಳೆದಿದ್ದರು. ಅಂಥ ಸಮಯದಲ್ಲಿ, ಜುಲೈ ತಿಂಗಳಲ್ಲಿ, ರಾಜ್ಯ ಸರ್ಕಾರ ಆ ಏರಿಕೆಯನ್ನು 2021ರ ಮಾರ್ಚ್ 31ರವರೆಗೆ ಮುಂದೂಡಿ ಆದೇಶ ಹೊರಡಿಸಿತು. ಮಾಲೀಕರಿಗೆ ಕಷ್ಟವಂತೆ! ಕಾರ್ಮಿಕ ಸಂಘಟನೆಯವರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಬೆಲೆ ಏರಿದ ಮೇಲೆ ಒಂದು ವರ್ಷ ಕಾದು ಪಡೆಯುವುದು ತುಟ್ಟಿಭತ್ಯೆ. ಅದು ಬಹುಮಾನವಲ್ಲ, ಕಳೆದುಹೋದದ್ದನ್ನು ತುಂಬಿಕೊಡುವುದು. ಅದನ್ನೂ ಮುಂದೂಡಿದರೆ ಕಾರ್ಮಿಕ ಮಾಲೀಕನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು.

ಇನ್ನೊಂದು ಸೂಕ್ಷ್ಮವಿದೆ. ಕಾರ್ಮಿಕರ ಸೂಚ್ಯಂಕದ ಆಧಾರ ವರ್ಷವನ್ನು 2020ರಲ್ಲಿ ಬದಲಾಯಿಸಿ 2001ರ ಬದಲು 2016 ಎಂದು ಮಾಡಿದರು. ಆಗ ಆಹಾರದ ಪಾಲು ನೂರಕ್ಕೆ 46ರಿಂದ 39ಕ್ಕೆ ಇಳಿಯಿತು; ಮನೆಬಾಡಿಗೆಯ ಪಾಲು ಸುಮಾರು 15ರಿಂದ 17ಕ್ಕೆ ಏರಿತು. ಬೆಂಗಳೂರಿನಲ್ಲಿ ಸಂಬಳದ ಆರನೇ ಒಂದು ಪಾಲಿಗೆ ಯಾರಾದರೂ ಮನೆ ಕೊಡಿಸಿದರೆ ಅವರಿಗೆ ಹಾರ ಹಾಕಿಸುತ್ತೇನೆ. ಸೂಚ್ಯಂಕ ಬಾಡಿಗೆಯನ್ನು ಅಳೆಯುತ್ತದೆಯೇ ಹೊರತು ಹತ್ತು ತಿಂಗಳ ಮುಂಗಡವನ್ನಲ್ಲ. ತರಕಾರಿ ಅಗ್ಗವಾಗಿ ಸೂಚ್ಯಂಕ ಕುಗ್ಗಿದ ವರ್ಷ ಭತ್ಯೆಯ ಏರಿಕೆಯೂ ಕುಗ್ಗುತ್ತದೆ. ಮನೆ ಮಾಲೀಕನೋ ಲೇಬರ್ ಬ್ಯೂರೋದ ಅಂಕಿ ನೋಡಿ ಬಾಡಿಗೆ ಕೇಳುವವನಲ್ಲ. ಸೂಚ್ಯಂಕವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಆ 417 ರೂಪಾಯಿ ಕೇಳಲು ನಮಗೆ ಆಧಾರವೇ ಇರುತ್ತಿರಲಿಲ್ಲ. ಅದರ ಬುಟ್ಟಿಯಲ್ಲಿ ಏನಿದೆ ಎಂದು ಇಣುಕಿ ನೋಡುವುದನ್ನು ಕಲಿಯಬೇಕು ಎನ್ನುತ್ತಿದ್ದೇನೆ.

ಕೈಗಾರಿಕಾ ಉತ್ಪನ್ನದ ವಿಚಾರ ಹೆಚ್ಚು ಹೇಳುವುದಿಲ್ಲ. 2024-25ರ ಏರಿಕೆ ಶೇಕಡಾ 4, ಹಿಂದಿನ ವರ್ಷಕ್ಕಿಂತ ಕಡಿಮೆ. ರೂಪಾಯಿ 2025ರ ಡಿಸೆಂಬರಿನಲ್ಲಿ ಡಾಲರಿಗೆ 90ನ್ನು ದಾಟಿತು. ಅದೇ ವರ್ಷ ಆಗಸ್ಟ್ 27ರಿಂದ ಅಮೆರಿಕದವರು ನಮ್ಮ ಸರಕಿನ ಮೇಲೆ ಶೇಕಡಾ 50 ಸುಂಕ ಹೇರಿದಾಗ ಮೊದಲು ಏಟು ಬಿದ್ದ ಉದ್ಯಮಗಳಲ್ಲಿ ಸಿದ್ಧ ಉಡುಪೂ ಒಂದು.

ನಿರುದ್ಯೋಗದ ಅಂಕಿಯ ಮುಂದೆ ನಿಲ್ಲಲೇಬೇಕು. 2017-18ರಲ್ಲಿ ಶೇಕಡಾ 6.1 ಇದ್ದ ನಿರುದ್ಯೋಗ 2023-24ರಲ್ಲಿ 3.2ಕ್ಕೆ ಇಳಿಯಿತು. ಕೇಳಲು ಚೆನ್ನಾಗಿದೆ. ಆದರೆ ಅದೇ ವರದಿಯ ಮುಂದಿನ ಹಾಳೆ ತಿರುವಿ. ದುಡಿಯುವವರಲ್ಲಿ ತಿಂಗಳ ಸಂಬಳದವರು ನೂರಕ್ಕೆ 22.8 ಇದ್ದವರು 21.7 ಆದರು. ಸ್ವಂತ ಉದ್ಯೋಗದವರು 52.2ರಿಂದ 58.4ಕ್ಕೆ ಏರಿದರು. ಇವರಲ್ಲಿ ಮನೆಯ ಅಂಗಡಿ, ಹೊಲಗಳಲ್ಲಿ ಸಂಬಳವಿಲ್ಲದೆ ದುಡಿಯುವವರು 13.6ರಿಂದ 19.4ಕ್ಕೆ ಏರಿದರು, ಬಹುಪಾಲು ಹಳ್ಳಿಯ ಹೆಂಗಸರು. ಏಳು ದಿನದಲ್ಲಿ ಯಾವುದಾದರೊಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ವಾರದ ಲೆಕ್ಕದಲ್ಲಿ ಅವನು ಉದ್ಯೋಗಸ್ಥ. ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಕಾರ್ಖಾನೆ ಇತ್ತು; ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಹಾಕಿತು. ಅಂಥ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವನು ಕೆಲಸ ಕಳೆದುಕೊಂಡು ರಸ್ತೆ ಬದಿಯಲ್ಲಿ ಇಡ್ಲಿ ಗಾಡಿ ಇಟ್ಟರೆ ಅಂಕಿಯಲ್ಲಿ ನಿರುದ್ಯೋಗ ಏರುವುದಿಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಬಿ.ಎಚ್.ಇ.ಎಲ್. ಸಮಾನ ಸಂಬಳ ಬೇಕೆಂದು ಇದೇ ಊರಿನಲ್ಲಿ 77 ದಿನ ಮುಷ್ಕರ ಹೂಡಿದ್ದರು. ಇಡ್ಲಿ ಗಾಡಿಯವನು ಯಾರ ವಿರುದ್ಧ ಮುಷ್ಕರ ಹೂಡಬೇಕು?

ವರ್ತಕ ಮಿತ್ರರೇ, ಈಗ ನಿಮ್ಮ ಸರದಿ. 2025ರ ಆಗಸ್ಟಿನಲ್ಲಿ ಯು.ಪಿ.ಐ. ವ್ಯವಹಾರ ತಿಂಗಳಿಗೆ 2,000 ಕೋಟಿ ದಾಟಿತು. ಇದನ್ನೂ ದೇಶದ ಪ್ರಗತಿಯ ಸೂಚಕವೆಂದೇ ತೋರಿಸುತ್ತಾರೆ. ಅದಕ್ಕೆ ಒಂದು ತಿಂಗಳು ಮುಂಚೆ, ಜುಲೈನಲ್ಲಿ, ಅದೇ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ಅಂಗಡಿಗಳಿಗೆ ನೋಟೀಸು ಕಳಿಸಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕೆಂಬುದು ಕಾನೂನು. ಹಾಲು, ಸೊಪ್ಪು ಮಾರುವವರಿಗೂ ನೋಟೀಸು ಹೋಯಿತು, ಅವುಗಳ ಮೇಲೆ ತೆರಿಗೆಯೇ ಇಲ್ಲ! ಊರಿನ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಬೋರ್ಡು ಬಿದ್ದವು. ಮುಖ್ಯಮಂತ್ರಿಗಳು ಕರೆದು ಮಾತನಾಡಿದ ಮೇಲೆ 25ರ ಬಂದ್ ನಿಂತಿತು.

40 ಲಕ್ಷ ಎಂದರೆ ಲಕ್ಷಾಧೀಶ ಎಂದುಕೊಳ್ಳುವವರಿಗೆ ಹೇಳುತ್ತೇನೆ. ದಿನಕ್ಕೆ 11 ಸಾವಿರ ವಹಿವಾಟು. ನೂರಕ್ಕೆ ಐದು ಉಳಿದರೆ 550 ರೂಪಾಯಿ. ಅದರಲ್ಲಿ ಬಾಡಿಗೆ, ಕರೆಂಟು, ಹುಡುಗನ ಕೂಲಿ. ವಹಿವಾಟನ್ನೇ ವರಮಾನವೆಂದು ತಿಳಿಯುವುದು ನಾಲ್ಕನೇ ತರಗತಿಯ ತಪ್ಪು. ಭಾವಮೈದ ಕಳಿಸಿದ ಕೈಸಾಲವೂ ಅದೇ ಖಾತೆಗೆ ಬಂದಿರುತ್ತದೆ. ತೆರಿಗೆ ಕೊಡಬಾರದೆಂದು ನಾನು ಹೇಳುವವನಲ್ಲ, ನೋಂದಣಿ ಆಗಬೇಕಾದವರು ಆಗಲಿ. ಆದರೆ ತಮಾಷೆ ನೋಡಿ: 2011-12ನ್ನು ಆಧಾರವಾಗಿಟ್ಟ ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿ ಸಣ್ಣ ಅಂಗಡಿಗಳ ಉತ್ಪನ್ನವನ್ನು ಬಹುಮಟ್ಟಿಗೆ ದೊಡ್ಡ ಸಂಸ್ಥೆಗಳ ಅಂಕಿಯ ಮೇಲೆಯೇ ಊಹಿಸುತ್ತಿದ್ದರು. ವರಮಾನ ಎಣಿಸುವಾಗ ಕಣ್ಣಿಗೆ ಬೀಳದ ಅಂಗಡಿ ತೆರಿಗೆ ಎಣಿಸುವಾಗ ಪೈಸೆ ಪೈಸೆಗೆ ಕಂಡಿತು.

ಹೊತ್ತಾಯಿತು, ಕೆಲಸದ ಮಾತು ಹೇಳಿ ಕೂರುತ್ತೇನೆ. ಏಪ್ರಿಲ್ ತಿಂಗಳ ಸಂಬಳದ ಚೀಟಿ ಕೈಗೆ ಬಂದ ದಿನ ಮಾರ್ಚಿನದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮೂಲ ವೇತನದ ಕೆಳಗೆ ತುಟ್ಟಿಭತ್ಯೆ ಬೇರೆ ಸಾಲಿನಲ್ಲಿದೆಯೇ, ಅಂಕಿ ಬದಲಾಗಿದೆಯೇ ನೋಡಿ. ಬದಲಾಗದಿದ್ದರೆ, ಅಥವಾ ಭತ್ಯೆ ಏರಿಸಿ ಬೇರೆ ಯಾವುದಾದರೂ ಸಾಲಿನಲ್ಲಿ ಅಷ್ಟನ್ನೇ ಇಳಿಸಿದ್ದರೆ, ಎರಡು ಚೀಟಿಗಳನ್ನೂ ತನ್ನಿ. ನೋಟೀಸು ಬಂದ ವರ್ತಕರು ನೋಟೀಸಿನ ಜೊತೆ ಸರಕು ಕೊಂಡ ಬಿಲ್ಲುಗಳನ್ನೂ ತನ್ನಿ. ಸಂಜೆ ಆರು ಗಂಟೆಯ ಮೇಲೆ ಕಚೇರಿಯಲ್ಲಿ ನಾನಿರುತ್ತೇನೆ.