ಗ್ಯಾಸ್ ಕೊಡಲು ಹೋದರು, ಊರು ನೀರು ಕೇಳಿತು

ಅಮೂಲ್ಯ ಕುಮಾರ್ ರೆಡ್ಡಿ ವಿದ್ಯುತ್-ರಸಾಯನ ವಿಜ್ಞಾನಿ. ಜಾನ್ ಬಾಕ್ರಿಸ್ ಜೊತೆ ಅವರು ಬರೆದು 1970ರಲ್ಲಿ ಹೊರಬಂದ ಪಠ್ಯಗ್ರಂಥ ಆ ಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದಿಗೂ ಪರಿಚಿತ. ಅಂಥವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡೇ ಸೌದೆ, ಸಗಣಿ, ಒಲೆಗಳ ಲೆಕ್ಕಕ್ಕೆ ಇಳಿದರು. 1974ರಲ್ಲಿ ಅವರು ಅಲ್ಲಿ ಶುರು ಮಾಡಿದ ವಿಭಾಗದ ಹೆಸರು ‘ಅಸ್ತ್ರ’. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುವುದು ಅದರ ಕೆಲಸ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದಕ್ಕೊಂದು ಕೇಂದ್ರವೂ ಆಯಿತು.

ಉಂಗ್ರದ ಸುತ್ತಿನ ಆರು ಹಳ್ಳಿಗಳಲ್ಲಿ ಉರುವಲು ಎಲ್ಲಿಂದ ಬರುತ್ತದೆ, ಯಾವುದಕ್ಕೆ ಖರ್ಚಾಗುತ್ತದೆ ಎಂದು ಮನೆಮನೆ ಕೇಳಿ ಬರೆದುಕೊಂಡದ್ದು ಅವರ ಮೊದಲ ಕೆಲಸಗಳಲ್ಲೊಂದು. ಬಳಕೆಯ ಬಹುಪಾಲು ಸೌದೆ, ಸೌದೆಯ ಬಹುಪಾಲು ಅಡುಗೆ ಒಲೆಗೆ. ಅದನ್ನು ದುಡ್ಡು ಕೊಟ್ಟು ಕೊಳ್ಳುವವರು ಅಪರೂಪ. ಆಯ್ದು, ಹೊತ್ತು ತರುವುದರಲ್ಲಿ ಹೆಂಗಸರು ಮಕ್ಕಳ ಬೆವರೇ ಬಂಡವಾಳ.

ಇಷ್ಟು ತಿಳಿದ ಮೇಲೆ ಮದ್ದು ಸುಲಭ ಅನ್ನಿಸಿದ್ದು ಸಹಜ. ಆರರಲ್ಲಿ ಒಂದಾದ ಪುರ ಎಂಬ ಪುಟ್ಟ ಹಳ್ಳಿಗೆ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ, ಮನೆಮನೆಗೆ ಅಡುಗೆ ಅನಿಲ! ಯೋಜನೆ ಮುಗ್ಗರಿಸಿತು. ಊರಿನ ದನಗಳ ಸಗಣಿಯಿಂದ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಗ್ಯಾಸ್ ಹುಟ್ಟಲಿಲ್ಲ. ಮುದ್ದೆಗೆ ಗ್ಯಾಸ್ ಸಿಕ್ಕಿ ಸಾರಿಗೆ ಮತ್ತೆ ಸೌದೆಯೇ ಊದಬೇಕೆಂದರೆ ಯಾರು ತಾನೆ ದಿನಾ ಸಗಣಿ ಹೊತ್ತು ತಂದಾರು? ಕೈಯಿಂದ ಕಾಸು ಬಿಚ್ಚದೆ ಸಿಗುವ ಉರುವಲು ಊರಿನವರ ದೊಡ್ಡ ಚಿಂತೆಯೂ ಆಗಿರಲಿಲ್ಲ. ವಿಜ್ಞಾನಿಗಳು ಮತ್ತೆ ಊರಿನವರೊಡನೆ ಕೂತು ಮಾತಾಡಿದಾಗ ಮುಂದೆ ಬಂದದ್ದು ಬೇರೆಯೇ ಬೇಡಿಕೆ: ಕುಡಿಯುವ ನೀರು.

1987ರಲ್ಲಿ ಸ್ಥಾವರದ ದಿಕ್ಕು ಬದಲಾಯಿತು. ಗ್ಯಾಸು ಈಗ ಒಲೆಗೆ ಹೋಗದೆ, ಒಂದಿಷ್ಟು ಡೀಸೆಲ್ ಜೊತೆ ಸೇರಿ ಎಂಜಿನ್ನಿಗೆ ಹೋಯಿತು. ಎಂಜಿನ್ನು ಜನರೇಟರ್ ತಿರುಗಿಸಿತು, ಕೊಳವೆಬಾವಿಯ ಪಂಪು ನೀರೆತ್ತಿತು, ಸಂಜೆ ಮನೆಗಳಲ್ಲಿ ದೀಪ ಉರಿಯಿತು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ಕಾಸು. ಗ್ಯಾಸ್ ಬಿಟ್ಟುಕೊಟ್ಟ ಬಗ್ಗಡ ಗೊಬ್ಬರವಾಗಿ ಅವರ ಹೊಲಕ್ಕೇ ವಾಪಸು. ಸ್ಥಾವರ ನಡೆಸಲು ಊರಿನ ಹುಡುಗರೇ ತರಬೇತಿ ಪಡೆದರು. ಹಣಕಾಸು, ವಸೂಲಿ ಊರಿನ ಸಮಿತಿಯದು.

ಇಲ್ಲಿ ಪರಿಸರ ಜಾಗೃತಿಯ ಭಾಷಣ ಯಾರೂ ಬಿಗಿಯಬೇಕಾಗಲಿಲ್ಲ. ಸಗಣಿ ಬಂದರೆ ನಲ್ಲಿಯಲ್ಲಿ ನೀರು, ಬರದಿದ್ದರೆ ಇಲ್ಲ. ತನ್ನ ಮನೆಯ ಬುಟ್ಟಿಗೂ ಪಕ್ಕದ ಮನೆಯ ಕೊಡಕ್ಕೂ ಇರುವ ನಂಟು ಊರಿಗೆಲ್ಲ ಕಣ್ಣಿಗೆ ಕಾಣುತ್ತಿತ್ತು.

ಆದರೆ ಅಡುಗೆಮನೆಯ ಹೊಗೆ ಹಾಗೇ ಉಳಿಯಿತಲ್ಲ? ಅದಕ್ಕೆ ಅದೇ ವಿಭಾಗದಿಂದ ಬಂದದ್ದು ನಾಡಿನ ಹಳ್ಳಿಗಳಲ್ಲಿ ಹೆಸರಾದ ಅಸ್ತ್ರ ಒಲೆ. ಒಮ್ಮೆಗೆ ಮೂರು ಪಾತ್ರೆ, ಕೆಳಗೆ ಗಾಳಿ ನುಗ್ಗುವ ಜಾಲರಿ, ಹೊಗೆ ಹೊರಹಾಕುವ ಚಿಮಣಿ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಹತ್ತನೇ ಒಂದು ಪಾಲು ಪಾತ್ರೆ ಮುಟ್ಟಿದರೆ ಹೆಚ್ಚು. ಇದು ಪ್ರಯೋಗಾಲಯದಲ್ಲಿ ಶೇ 40 ದಾಟಿತು. ಹಳ್ಳಿಯ ಮನೆಯಲ್ಲೂ ಆ ಲಾಭ ಸಿಗಬೇಕಾದರೆ ಅಳತೆ ತಪ್ಪಬಾರದು. ಸೌದೆ ಹಾಕುವ ಬಾಯಿ ಅಗಲವಾದರೆ ತಣ್ಣನೆ ಗಾಳಿ ನುಗ್ಗಿ ಶಾಖ ತಿನ್ನುತ್ತದೆ, ಪಾತ್ರೆ ಕಂಡಿಯ ಮೇಲೆ ಸರಿಯಾಗಿ ಕೂರದಿದ್ದರೆ ಸಂದಿನಿಂದ ಹೊಗೆ ಒಳಗೇ ಬರುತ್ತದೆ. ಹೀಗಾಗಿ ಇಲ್ಲಿ ಪಾಠ ಬೇಕಾದದ್ದು ಮೊದಲು ಒಲೆ ಕಟ್ಟುವವರಿಗೆ. ಮನೆಯಾಕೆಗೆ ತೋರಿಸಿಕೊಡಬೇಕಾದದ್ದು ಸೌದೆ ಸಣ್ಣಗೆ ಸೀಳುವುದು, ಆಗಾಗ ಚಿಮಣಿಯ ಮಸಿ ತೆಗೆಯುವುದು, ಇಷ್ಟೆ.

ಒಲೆ ಕಟ್ಟಿಸುವ ಗುರಿ ಮುಟ್ಟುವ ಅವಸರದಲ್ಲಿ ಸರ್ಕಾರಗಳು ಈ ಪಾಠದ ಭಾಗವನ್ನೇ ಮೊಟಕು ಮಾಡಿದವು. ಎಷ್ಟು ಒಲೆ ಕಟ್ಟಿದ್ದಾಯಿತು ಎಂಬುದಕ್ಕೆ ಲೆಕ್ಕವಿತ್ತು, ವರ್ಷದ ನಂತರ ಎಷ್ಟು ಉರಿಯುತ್ತಿವೆ ಎಂಬುದನ್ನು ಕೇಳಿದವರು ಕಡಿಮೆ. 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2002ರಲ್ಲಿ ನಿಲ್ಲಿಸಿತು. ಆಮೇಲೂ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಡುಗೆ ಸಿಲಿಂಡರಿಗೆ ದಾಟಿದರೂ ಬಚ್ಚಲ ಹಂಡೆಯ ಕೆಳಗೆ ಅಸ್ತ್ರ ಒಲೆ ಉಳಿದುಕೊಂಡಿತು.