ಪುಸ್ತಕದ ಅಜ್ಜಿ, ಎದುರು ಮನೆಯ ಅಜ್ಜಿ

(ಶಾಂತಿಗ್ರಾಮದಲ್ಲಿ ಶುಕ್ರವಾರದ ಖುತ್ಬಾಕ್ಕೆ ಮುಂಚೆ ಕನ್ನಡದಲ್ಲಿ ಮಾಡಿದ ಭಾಷಣದ ಸಾರ)



ಪ್ರಿಯ ಸಹೋದರರೇ, ಇಂದು ಉರ್ದು ಬಯಾನ್ ಬಿಟ್ಟು ಕನ್ನಡದಲ್ಲಿ ಮಾತಾಡುತ್ತಿದ್ದೇವೆ. ಮಾತು ಮಕ್ಕಳದ್ದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಓದುವುದು ಕನ್ನಡ ಶಾಲೆಯಲ್ಲಿ. ಹಿಂದಿನ ಸಾಲಿನಲ್ಲಿ ಕೂತಿರುವ ಆ ಮಕ್ಕಳಿಗೂ ಇದು ಅರ್ಥವಾಗಲಿ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಕೆಲವು ತಿಂಗಳ ಹಿಂದೆ ಪಂಚಾಯಿತಿ ಗ್ರಂಥಾಲಯದ ಸಹೋದರಿ ಒಂದು ಸಂಜೆ ಮದ್ರಸಾದ ಬಾಗಿಲಿಗೆ ಬಂದರು. ಕೈಯಲ್ಲಿ ಮಕ್ಕಳ ಚಿತ್ರಪುಸ್ತಕ. ನಮ್ಮ ಮದ್ರಸಾದ ಹುಡುಗನೊಬ್ಬ, ಎರಡನೇ ತರಗತಿಯವನು, ಮನೆಗೆ ತೆಗೆದುಕೊಂಡು ಹೋಗಿ ಹಿಂದಿರುಗಿಸಿದ್ದ ಪುಸ್ತಕ. ಅದರಲ್ಲಿ ಜಾತ್ರೆಯ ಚಿತ್ರ: ತೇರು, ಬೆಂಡು ಬತ್ತಾಸಿನ ಅಂಗಡಿ, ಮೊಮ್ಮಗಳ ಕೈ ಹಿಡಿದ ಒಬ್ಬ ಅಜ್ಜಿ. ಅಜ್ಜಿಯ ಹಣೆಯ ಕುಂಕುಮದ ಮೇಲೆ ಕಪ್ಪು ಪೆನ್ನಿನಿಂದ ಗೀಚಿದ್ದ. ಗೀಚಿ ಗೀಚಿ ಕಾಗದ ತೂತಾಗಿತ್ತು. ಮುಖವೇ ಇರಲಿಲ್ಲ.

ಆ ಸಹೋದರಿ ಯಾರಿಗೂ ದೂರು ಕೊಟ್ಟಿರಲಿಲ್ಲ. ಪುಸ್ತಕವನ್ನು ಚೀಲದಲ್ಲಿಟ್ಟು ತಂದು, "ಗುರುಗಳೇ, ಇದನ್ನು ನೀವೇ ನೋಡಿದರೆ ಒಳ್ಳೆಯದು ಅನ್ನಿಸಿತು" ಎಂದಷ್ಟೇ ಹೇಳಿದರು. ಇಂದಿನ ದಿನಗಳಲ್ಲಿ ಒಂದು ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದ್ದರೆ ಏನಾಗುತ್ತಿತ್ತು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ಹಾಗೆ ಮಾಡಲಿಲ್ಲ. ಅಲ್ಲಾಹನು ಅವರಿಗೆ ಒಳಿತನ್ನು ಮಾಡಲಿ.

ಹುಡುಗನನ್ನು ಕರೆದು ಕೇಳಿದೆವು. ಅವನಿಗೆ ಹೆದರಿಕೆಯೇ ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂದೇ ತಿಳಿದಿದ್ದ. "ಹಜರತ್, ಕುಂಕುಮ ಇಡುವವರು ಕೆಟ್ಟವರಲ್ಲವಾ?" ಎಂದ. ಯಾರು ಹೇಳಿದರು ಎಂದರೆ, ನಮ್ಮ ಕಡೆಗೇ ನೋಡಿದ. ವಿಚಾರಿಸಿದಾಗ ತಿಳಿಯಿತು: ಈಮಾನಿನ ಪಾಠ ಮಾಡುವಾಗ, ಮಕ್ಕಳು ನಗಲಿ ಎಂದು, ನಮ್ಮಲ್ಲೇ ಒಬ್ಬರು ಬೇರೆಯವರ ಪೂಜೆಯನ್ನು ಅಣಕಿಸಿ ತೋರಿಸಿದ್ದರು. ಮಕ್ಕಳು ನಕ್ಕಿದ್ದರು. ನಗು ಅಲ್ಲಿಗೇ ಮುಗಿಯಿತೆಂದು ನಾವು ತಿಳಿದಿದ್ದೆವು.

ಆ ಹುಡುಗನ ಮನೆಯ ಎದುರಿಗೆ ಒಬ್ಬ ಅಜ್ಜಿ ಇದ್ದಾರೆ. ನಮ್ಮ ಗಲ್ಲಿಯಲ್ಲಿ ಇರುವ ಒಂದೇ ಹಿಂದೂ ಮನೆ ಅದು. ಅವನ ತಾಯಿ ಹೆರಿಗೆಗೆ ಆಸ್ಪತ್ರೆಗೆ ಹೋಗಿದ್ದಾಗ ನಾಲ್ಕು ದಿನ ಅವನಿಗೆ ಅನ್ನ ಕೊಟ್ಟವರು ಅವರೇ. "ಎದುರು ಮನೆ ಅಜ್ಜಿ ಹಣೆಗೆ ಏನು ಇಡುತ್ತಾರೆ?" ಎಂದು ಕೇಳಿದೆವು. ಹುಡುಗ ಮಾತಾಡಲಿಲ್ಲ. ಪುಸ್ತಕದ ತೂತನ್ನು ನೋಡಿದ. ಆಮೇಲೆ ಅಳತೊಡಗಿದ. ನಾವೂ ಆ ದಿನ ಬೇರೇನೂ ಪಾಠ ಮಾಡಲಿಲ್ಲ.

ಸಹೋದರರೇ, ಅನ್‌ಆಮ್ ಅಧ್ಯಾಯದ 108ನೇ ಸೂಕ್ತವನ್ನು ನಾವು ಎಷ್ಟು ಸಲ ಓದಿದ್ದೇವೆ. ಅಲ್ಲಾಹನನ್ನು ಬಿಟ್ಟು ಅನ್ಯರನ್ನು ಕರೆದು ಪ್ರಾರ್ಥಿಸುವವರ ಆರಾಧ್ಯರನ್ನು ನಿಂದಿಸಬೇಡಿರಿ ಎಂಬ ಆಜ್ಞೆ ಅಲ್ಲಿದೆ. ಅವರು ತಿರುಗಿ ಅಜ್ಞಾನದಿಂದ ಅಲ್ಲಾಹನನ್ನು ನಿಂದಿಸುವಂತಾದೀತು ಎಂಬ ಕಾರಣವೂ ಅಲ್ಲೇ ಇದೆ. ಇದು ತೌಹೀದನ್ನು ಸಡಿಲಗೊಳಿಸುವ ಮಾತಲ್ಲ. ತೌಹೀದ್ ಕಲಿಸುವ ಗ್ರಂಥವೇ ಹೇಳಿದ ಮಾತು. ನಮ್ಮ ವಿಶ್ವಾಸವನ್ನು ಮಕ್ಕಳಿಗೆ ಗಟ್ಟಿಯಾಗಿ ಕಲಿಸೋಣ. ಅದರಲ್ಲಿ ರಾಜಿ ಇಲ್ಲ. ಆದರೆ ಇನ್ನೊಬ್ಬರನ್ನು ಅಣಕಿಸಿದ ಹೊರತು ನಮ್ಮ ವಿಶ್ವಾಸ ಗಟ್ಟಿಯಾಗುವುದಿಲ್ಲ ಎಂದು ಯಾರಾದರೂ ತಿಳಿದಿದ್ದರೆ, ಆ ವಿಶ್ವಾಸದಲ್ಲೇ ಏನೋ ಕೊರತೆ ಇದೆ.

ಪ್ರವಾದಿ(ಸ)ರ ಮುಂದೆ ಒಂದು ಶವಯಾತ್ರೆ ಹಾದುಹೋದಾಗ ಅವರು ಎದ್ದು ನಿಂತರು. ಅದು ಯಹೂದಿಯೊಬ್ಬನ ಶವ ಎಂದು ಸಂಗಡಿಗರು ಹೇಳಿದರು. ಅದೂ ಒಂದು ಜೀವವಲ್ಲವೇ ಎಂದು ಪ್ರವಾದಿ(ಸ)ರು ಕೇಳಿದರು ಎಂದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಬಂದಿದೆ. ಅಬ್ದುಲ್ಲಾ ಬಿನ್ ಅಮ್ರ್(ರ)ರ ಮನೆಯಲ್ಲಿ ಕುರಿ ಕೊಯ್ದಾಗ, ಅವರು ಮನೆಯವರನ್ನು ಕೇಳಿದ್ದು ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು. ಇವೆರಡೂ ಎಂಥ ದೃಶ್ಯಗಳು ನೋಡಿ. ಒಂದು ಮಗುವಿಗೆ ಸಹಿಷ್ಣುತೆ ಎಂಬ ಪದವನ್ನು ವಿವರಿಸುವುದು ಕಷ್ಟ. ನೆರೆಮನೆಯ ಬಾಗಿಲಿಗೆ ತಟ್ಟೆ ಹಿಡಿದು ಹೋಗುವವನನ್ನು ತೋರಿಸುವುದು ಸುಲಭ.

ಆದ್ದರಿಂದ ಆ ಘಟನೆಯ ನಂತರ ಶನಿವಾರ ಅಸರ್ ನಮಾಜಾದ ಮೇಲೆ ಅರ್ಧ ಗಂಟೆ ಮಕ್ಕಳೊಂದಿಗೆ ಚಿತ್ರಪುಸ್ತಕ ಓದತೊಡಗಿದೆವು. ಹರಿದ ಪುಸ್ತಕಕ್ಕೆ ಬದಲು ಹೊಸದನ್ನು ಕೊಂಡು, ಆ ಹುಡುಗನ ಕೈಯಿಂದಲೇ ಗ್ರಂಥಾಲಯಕ್ಕೆ ಕೊಡಿಸಿದೆವು. ಪುಸ್ತಕಕ್ಕೆ ಹೆಚ್ಚು ಖರ್ಚೇನೂ ಬೇಕಾಗಲಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳು ಕನ್ನಡದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳನ್ನು ಮೊಬೈಲಿನಲ್ಲೇ ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು. ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಅಡುಗೆ ಮನೆಗೆ ಹೋಗುವ ತಾಯಂದಿರಿಗೆ ಒಂದು ಮಾತು: ಹತ್ತು ನಿಮಿಷ ಪಕ್ಕದಲ್ಲಿ ಕೂತುಕೊಳ್ಳಿ. ಅಪ್ಪಂದಿರಿಗೂ ಅದೇ ಮಾತು. ಅವರಿಗೆ ಅಡುಗೆ ಮನೆಯ ನೆಪವೂ ಇಲ್ಲ.

ಪಕ್ಕದಲ್ಲಿ ಕೂರಬೇಕು ಎನ್ನುವುದಕ್ಕೆ ಕಾರಣವಿದೆ. ಮಗು ಚಿತ್ರದ ಮೇಲೆ ಬೆರಳಿಟ್ಟು ಪ್ರಶ್ನೆ ಕೇಳುತ್ತದೆ. ಇವರು ಏಕೆ ಕೈ ಮುಗಿಯುತ್ತಿದ್ದಾರೆ? ಶಿಲುಬೆ ಎಂದರೆ ಏನು? ಈ ಸ್ವಾಮಿಗಳು ಏಕೆ ನವಿಲುಗರಿ ಹಿಡಿದಿದ್ದಾರೆ? ಶ್ರವಣಬೆಳಗೊಳದ ಕಡೆ ಹೋಗಿಬಂದ ಮಗು ಈ ಕೊನೆಯ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. ಜೈನ ಮುನಿಗಳು ಕೂರುವ ಜಾಗದಲ್ಲಿ ಇರುವೆಯೂ ಸಾಯಬಾರದೆಂದು ಆ ಪಿಂಛಿಯಿಂದ ಮೆಲ್ಲನೆ ಸರಿಸುತ್ತಾರೆ ಎಂದು ಹೇಳಿದೆವು. ಒಂದು ಹುಡುಗಿ ತಕ್ಷಣ, ಸುಲೈಮಾನ್(ಅ)ರ ಕಥೆಯಲ್ಲೂ ಇರುವೆ ಬರುತ್ತದಲ್ಲವಾ ಎಂದಳು. ನಾವು ಹೇಳಿಕೊಟ್ಟದ್ದಲ್ಲ, ಅವಳೇ ಜೋಡಿಸಿದ್ದು. ಪ್ರಶ್ನೆ ಕೇಳುವ ಆ ಕ್ಷಣದಲ್ಲಿ ದೊಡ್ಡವರ ಮುಖ ಹೇಗಿರುತ್ತದೆ ಎಂದು ಮಗು ನೋಡುತ್ತದೆ. ಮೂಗು ಮುರಿದರೆ ಅದನ್ನೇ ಕಲಿಯುತ್ತದೆ. ಉತ್ತರ ಉದ್ದವಿರಬೇಕಾಗಿಲ್ಲ: ಅದು ಅವರ ಪ್ರಾರ್ಥನೆ, ನಮ್ಮದು ಹೀಗೆ, ಅವರದನ್ನು ನಾವು ಹೀಗಳೆಯುವುದಿಲ್ಲ. ಅಷ್ಟು ಸಾಕು. ಎಲ್ಲವೂ ಒಂದೇ ಎಂದು ಸುಳ್ಳು ಹೇಳುವ ಅಗತ್ಯವೂ ಇಲ್ಲ. ಬೇರೆ ಬೇರೆ ಎಂದು ಮಕ್ಕಳಿಗೆ ಚೆನ್ನಾಗಿಯೇ ಗೊತ್ತು.

ಚಿತ್ರ ನೋಡಬಹುದೇ, ಬರೆಯಬಹುದೇ ಎಂದು ಕೆಲವು ಹಿರಿಯರು ಆಕ್ಷೇಪಿಸಿದರು. ಅವರ ಕಾಳಜಿಯನ್ನು ಗೌರವಿಸುತ್ತೇವೆ. ಜೀವಿಗಳ ಚಿತ್ರದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಪ್ರವಾದಿಗಳ ಚಿತ್ರ ಇರುವ ಪುಸ್ತಕವನ್ನು ನಾವು ಖಂಡಿತ ತರುವುದಿಲ್ಲ. ಆದರೆ ಅಬೂದಾವೂದ್‌ನಲ್ಲಿ ಬಂದ ಒಂದು ಹದೀಸನ್ನೂ ನೆನಪಿಡೋಣ. ಗಾಳಿಗೆ ಪರದೆ ಸರಿದಾಗ ಆಯಿಶಾ(ರ)ರ ಗೊಂಬೆಗಳು ಕಂಡವು. ನಡುವೆ ಬಟ್ಟೆಯ ರೆಕ್ಕೆಯಿದ್ದ ಒಂದು ಕುದುರೆ. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ)ರು ಕೇಳಿದರು. ಸುಲೈಮಾನರ ಕುದುರೆಗಳಿಗೆ ರೆಕ್ಕೆ ಇತ್ತೆಂದು ತಾವು ಕೇಳಿಲ್ಲವೇ ಎಂದರು ಅವರು. ಪ್ರವಾದಿ(ಸ)ರು ದವಡೆ ಹಲ್ಲು ಕಾಣುವಷ್ಟು ನಕ್ಕರು. ಮಕ್ಕಳ ಕಲ್ಪನೆಯ ಮುಂದೆ ಅವರು ಗದರಲಿಲ್ಲ.

ನಮ್ಮ ಊರಿನ ಕಡೆಗೆ ಬರೋಣ. ಶಾಂತಿಗ್ರಾಮದ ಹೆಸರು ಹೊಯ್ಸಳ ರಾಣಿ ಶಾಂತಲೆಯಿಂದ ಬಂತೆಂದು ಹಿರಿಯರು ಹೇಳುತ್ತಾರೆ. ಆ ರಾಣಿಯ ಮನೆಯನ್ನೇ ನೋಡಿ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಗಂಡ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವ ದೇವಾಲಯ ಕಟ್ಟಿಸಿದವನು. ಇವಳು ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಬೇಲೂರಿನ ಅದೇ ಚೆನ್ನಕೇಶವನ ತೇರಿನ ದಿನ ದೊಡ್ಡಮೇದೂರಿನ ಖಾಜಿಯವರು ಕುರ್‌ಆನ್ ಪಠಿಸುವ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವುದು. 2022ರಲ್ಲಿ ಅದಕ್ಕೆ ವಿರೋಧ ಎದ್ದಾಗ ನಮ್ಮ ಮನೆಗಳಲ್ಲಿ ಎಷ್ಟು ನೋವಾಯಿತು! ಆ ವರ್ಷ ಪದ್ಧತಿ ನಿಲ್ಲಲಿಲ್ಲ. ಆದರೆ ನಮ್ಮ ಪವಿತ್ರ ಗ್ರಂಥದ ಬಗ್ಗೆ ಹಗುರವಾಗಿ ಮಾತಾಡಿದಾಗ ಹೇಗಾಗುತ್ತದೆ ಎಂದು ಬಲ್ಲ ನಾವೇ, ನಮ್ಮ ಮದ್ರಸಾದಲ್ಲಿ ಇನ್ನೊಬ್ಬರದನ್ನು ಹಗುರ ಮಾಡಿದ್ದೆವು.

ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ ಕಥೆ ಶ್ರವಣಬೆಳಗೊಳದ ಇನ್ನೊಂದು ಶಾಸನದ್ದು. ಪುಸ್ತಕ ಸಿಗದೆ ನಾವು ಬಾಯಲ್ಲೇ ಹೇಳಿದೆವು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಯಿತು. ತೊಂದರೆಗೊಳಗಾದ ಜೈನರು ವಿಜಯನಗರದ ದೊರೆ ಬುಕ್ಕರಾಯನ ಬಳಿಗೆ ಹೋದರು. ದೊರೆ ವೈಷ್ಣವನ ಕೈ ಮೇಲೆ ಜೈನನ ಕೈಯಿಟ್ಟು, ಎರಡು ದರ್ಶನಗಳ ನಡುವೆ ಭೇದ ಮಾಡಬಾರದೆಂದು ಆಜ್ಞೆ ಮಾಡಿದ. ಅಷ್ಟಕ್ಕೇ ಬಿಡಲಿಲ್ಲ. ನಾಡಿನ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳಕ್ಕೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು, ಮಿಕ್ಕದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು ಎಂದಾಯಿತು. ಆ ಹೊಣೆ ಹೊತ್ತವರು ಯಾರು ಗೊತ್ತೇ? ಜೈನರಲ್ಲ, ವೈಷ್ಣವರ ಹಿರಿಯ, ತಿರುಮಲೆಯ ತಾತಯ್ಯ. ಬಲವುಳ್ಳವರ ಕಡೆಯವರೇ ಕಾವಲಿಗೆ ನಿಂತರು.

ಕಥೆ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಹಜರತ್, ನಮ್ಮ ಗಲ್ಲಿಯಲ್ಲಿ ವೈಷ್ಣವರು ಯಾರು?" ನಮಗೆ ಮೊದಲು ಅರ್ಥವಾಗಲಿಲ್ಲ. ಬಲವಿರುವವರು ಯಾರು ಎಂದು ಅವನು ಕೇಳುತ್ತಿದ್ದ. ದೇಶದಲ್ಲಿ ನಾವು ಸ್ವಲ್ಪ ಜನ ಎಂದು ಸದಾ ಹೇಳಿಕೊಳ್ಳುತ್ತೇವೆ; ಅದು ಸುಳ್ಳಲ್ಲ, ಅದರ ಭಾರವೂ ಸುಳ್ಳಲ್ಲ. ಆದರೆ ಆ ಗಲ್ಲಿಯಲ್ಲಿ ಹೆಚ್ಚಿನವರು ನಾವು. ಅಲ್ಲಿ ಒಂಟಿ ಮನೆ ಆ ಅಜ್ಜಿಯದು. ಅವರ ಬಾಗಿಲ ರಂಗೋಲಿಯ ಮೇಲೆ ನಮ್ಮ ಹುಡುಗರು ಬೈಕ್ ನಿಲ್ಲಿಸುತ್ತಾರೆ ಎಂದು ಅವರು ಎಂದೂ ಬಾಯಿಬಿಟ್ಟು ಹೇಳಿಲ್ಲ. ನಾವು ಹೋಗಿ ಕೇಳಿದ ಮೇಲೆಯೇ ಹೇಳಿದರು. ಈಗ ನಿಲ್ಲಿಸುವುದಿಲ್ಲ, ಅಥವಾ ಕಡಿಮೆಯಾಗಿದೆ.

ಇನ್ನೊಂದು ಸಂಗತಿ. ಪುಸ್ತಕಗಳನ್ನು ಓದುತ್ತಾ ಹೋದಂತೆ ಒಬ್ಬ ಹುಡುಗಿ, "ಇದರಲ್ಲಿ ನಮ್ಮ ಮನೆಯಂಥ ಮನೆ ಯಾಕಿಲ್ಲ?" ಎಂದಳು. ಹುಡುಕಿದೆವು. ನಮ್ಮ ಕೈಗೆ ಬಂದ ಪುಸ್ತಕಗಳಲ್ಲಿ ಮುಸ್ಲಿಮ್ ಮಗು ಬರುವುದು ಹೆಚ್ಚಾಗಿ ಈದ್ ದಿನ, ಟೋಪಿ ಹಾಕಿಕೊಂಡು, ಸೇಮ್ಯಾ ಪಾಯಸದ ಜೊತೆ. ಮಳೆಯಲ್ಲಿ ನೆನೆಯುವ, ಲೆಕ್ಕ ತಪ್ಪುವ, ನಾಯಿಮರಿಗೆ ಹೆದರುವ ಮುಸ್ಲಿಮ್ ಮಗು ಕಾಣಲಿಲ್ಲ. ಪಕ್ಕದ ಬೀದಿಯ ಮಕ್ಕಳು ನಮ್ಮನ್ನು ಹಬ್ಬದ ದಿನ ಮಾತ್ರ ನೋಡಿದರೆ ನಮ್ಮನ್ನು ತಿಳಿಯುವುದು ಹೇಗೆ? ಇದನ್ನು ಬೇರೆಯವರು ಬರೆಯಲಿ ಎಂದು ಕಾಯುವುದೇಕೆ? ನಮ್ಮದೇ ಹಾಸನದಲ್ಲಿ ಬಾನು ಮುಷ್ತಾಕ್ ಅವರಿದ್ದಾರೆ. ಎಂಟನೇ ವಯಸ್ಸಿನಲ್ಲಿ ತಂದೆ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿದರು. 2025ರಲ್ಲಿ ಅವರ ಕನ್ನಡ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಅವರ ಎಲ್ಲ ಮಾತನ್ನೂ ಒಪ್ಪದವರು ನಮ್ಮಲ್ಲಿ ಇರಬಹುದು. ಆದರೆ ನಮ್ಮ ಮನೆಯೊಳಗಿನ ಮಾತನ್ನು ಕನ್ನಡದಲ್ಲಿ ಬರೆದರೆ ಜಗತ್ತು ಓದುತ್ತದೆ ಎಂಬುದು ನಿಜವಾಯಿತಲ್ಲ.

ನಮ್ಮ ಮಕ್ಕಳು ಈಗ ಒಂದು ಪುಸ್ತಕ ಮಾಡುತ್ತಿದ್ದಾರೆ. ಹಳೆಯ ಕ್ಯಾಲೆಂಡರಿನ ಹಿಂಬದಿ, ಸ್ಕೆಚ್ ಪೆನ್ನು, ದಬ್ಬಳ, ದಾರ. ಹೆಸರು 'ನಮ್ಮ ಬೀದಿ'. ಹೆದ್ದಾರಿಯ ಟೋಲ್ ಗೇಟ್ ಇದೆ, ಆಲೂಗಡ್ಡೆ ಮೂಟೆ ಹೇರಿದ ಲಾರಿ ಇದೆ, ನರಸಿಂಹ ದೇವಸ್ಥಾನವಿದೆ, ಮಸೀದಿ ಇದೆ. ಮುಖ ಬರೆಯುವುದು ಬೇಡ ಎಂದ ಮನೆಗಳ ಮಕ್ಕಳು ಬಾಗಿಲು, ತಟ್ಟೆ, ಚಪ್ಪಲಿ ಬರೆಯುತ್ತಾರೆ. ಚಪ್ಪಲಿಗಳನ್ನು ನೋಡಿದರೆ ಯಾರ ಮನೆ ಎಂದು ಎಲ್ಲರೂ ಗುರುತಿಸುತ್ತಾರೆ! ಶಾಲೆಯ ಮೇಡಂ ಒಂದು ಪ್ರತಿಯನ್ನು ನಲಿಕಲಿ ತರಗತಿಗೆ ಕೇಳಿದ್ದಾರೆ.

ಎಲ್ಲರೂ ಒಪ್ಪಿದ್ದಾರೆ ಎಂದು ಹೇಳುವುದಿಲ್ಲ. ಒಬ್ಬ ಸಹೋದರರು ತಮ್ಮ ಮಗನನ್ನು ಶನಿವಾರ ಕಳಿಸುವುದನ್ನು ನಿಲ್ಲಿಸಿದ್ದಾರೆ. ಅವರು ಇಂದು ಇಲ್ಲಿಯೇ ಇದ್ದಾರೆ. ನಾವು ಅವರ ಮನೆಗೆ ಎರಡು ಸಲ ಹೋಗಿ ಬಂದೆವು, ಚಹಾ ಕುಡಿದೆವು, ಮಾತು ಮುಗಿದಿಲ್ಲ. ಮತ್ತೆ ಬರುತ್ತೇವೆ.

ಖುತ್ಬಾಕ್ಕೆ ಹೊತ್ತಾಯಿತು. ನಾಳೆ ಅಸರ್ ನಂತರ ಎಂದಿನಂತೆ ಕೂರುತ್ತೇವೆ. ಮನೆಯಲ್ಲಿ ಹಳೆಯ ಕ್ಯಾಲೆಂಡರ್ ಇದ್ದರೆ ಮಕ್ಕಳ ಕೈಯಲ್ಲಿ ಕಳಿಸಿ. ಅಜ್ಜಿಯ ಮನೆಯ ಪುಟ ಇನ್ನೂ ಬಾಕಿ ಇದೆ. ಅದನ್ನು ಬರೆಯುವ ಮೊದಲು ಅವರನ್ನೇ ಕೇಳಿ ಬರಬೇಕೆಂದು ಮಕ್ಕಳು ತೀರ್ಮಾನಿಸಿದ್ದಾರೆ.